ಹೊಂಬಾಳಮ್ಮನ ಮಗ್ಗುಲು

ಅಕ್ಟೋಬರ್ 9, ಗುರುವಾರ

ಇದು ಪಿಯುಸಿಯ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕ. ಮೊದಲ ಆರು ಹಾಳೆಯಲ್ಲಿ ಜಿರಳೆ, ಎರೆಹುಳು, ದಾಸವಾಳದ ಚಿತ್ರಗಳಿವೆ. ಉಳಿದದ್ದು ಖಾಲಿ. ಪರೀಕ್ಷೆ ಮಾಡಲು ಹೊರಗಿನಿಂದ ಬಂದವರು, ‘ಈ ಪ್ರಯೋಗವೆಲ್ಲ ನೀವೇ ಮಾಡಿದ್ದಾ?’ ಎಂದು ಕೇಳಿದ್ದರು. ಇಲ್ಲ, ಎಲ್ಲರೂ ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಬರೆದದ್ದು ಎಂದೆ. ಕಾಲೇಜಿನವರು ಕ್ಷಮೆ ಕೇಳು ಎಂದರು. ಕೇಳಲಿಲ್ಲ. ಮಾರನೆಯ ದಿನದಿಂದ ಹೋಗಲಿಲ್ಲ. ಅದಾಗಿ ಒಂದೂವರೆ ವರ್ಷ. ಆಮೇಲೆ ಬಟ್ಟೆ ಅಂಗಡಿ, ಜೆರಾಕ್ಸ್ ಅಂಗಡಿ, ಮದ್ದೂರಿನಲ್ಲಿ ಗಾರ್ಮೆಂಟ್ಸ್. ಎಲ್ಲೂ ಎರಡು ತಿಂಗಳ ಮೇಲೆ ನಿಂತಿಲ್ಲ.

ಅವ್ವ ಸತ್ತು ಇವತ್ತಿಗೆ ಒಂದು ತಿಂಗಳು. ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಕೊಡಿಸಿದೆವು. ಎಲ್ಲರೂ ನನ್ನ ಕಣ್ಣನ್ನೇ ನೋಡುತ್ತಿದ್ದರು. ಕಣ್ಣಲ್ಲಿ ಏನೂ ಇರಲಿಲ್ಲ. ನಲ್ಲಿಯ ಹತ್ತಿರ ಬಿದ್ದವಳು ಏಳಲಿಲ್ಲ ಎಂದು ಅಪ್ಪ ಫೋನ್ ಮಾಡಿದಾಗಲೂ ಹೀಗೇ ಇತ್ತು. ಒಳಗೆ ಯಾರೋ ಮೈನ್ ಸ್ವಿಚ್ ಆರಿಸಿದ ಹಾಗೆ.

ಪೂಜೆ ಮುಗಿದ ಮೇಲೆ ಸಿಸ್ಟರ್ ಬೆನಿಟ ಮನೆಗೆ ಬಂದರು. ಅವ್ವ ಕೆಲಸ ಮಾಡುತ್ತಿದ್ದದ್ದು ಅವರ ಜೊತೆ. ಮಂಗಳೂರು ಕಡೆಯವರು. ಕಾಫಿ ಬೇಡ ಎಂದರು.

‘ಸೌರಮ್ಮನ ಜಾಗ ಖಾಲಿ ಉಂಟು. ನೀನು ಬಾ.’

‘ನನಗೆ ನಂಬಿಕೆ ಇಲ್ಲ ಸಿಸ್ಟರ್.’

‘ಅದು ಇರಲಿ. ವಾಸನೆಗೆ ವಾಂತಿ ಬರ್ತದಾ ನಿನಗೆ?’

‘ಗೊತ್ತಿಲ್ಲ.’

‘ಹಾಗಾದ್ರೆ ಸೋಮವಾರ ಬಾ. ಗೊತ್ತಾಗ್ತದೆ.’

ಮನೆಯಲ್ಲಿ ಕುಳಿತಿರುವುದಕ್ಕಿಂತ ಅದೇ ಸರಿ. ಅಪ್ಪ ಶಿವನಸಮುದ್ರದ ಪವರ್ ಹೌಸಿನಲ್ಲಿ ಮೂವತ್ತು ವರ್ಷ ಯಂತ್ರದ ಪಕ್ಕ ನಿಂತು ಕಿವಿ ಕಳೆದುಕೊಂಡವರು. ಸಂಜೆ ಜಪಸರ ಹಿಡಿದು ಕೂಗಿ ಕೂಗಿ ಪ್ರಾರ್ಥನೆ ಹೇಳುತ್ತಾರೆ. ಮೊದಲರ್ಧ ಅಪ್ಪ, ಉಳಿದರ್ಧ ಅವ್ವ, ಹಾಗಿತ್ತು. ಈಗ ಎರಡೂ ಅರ್ಧ ಅವರೇ. ನಾನು ಅಡುಗೆಮನೆಯಲ್ಲಿ ನಿಂತಿರುತ್ತೇನೆ.

ಅಕ್ಟೋಬರ್ 13, ಸೋಮವಾರ

ಸಿಸ್ಟರುಗಳ ಹತ್ತಿರ ಒಂದು ಹಳೆಯ ಓಮ್ನಿ ಇದೆ. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಮೈ ಒರೆಸುವುದು, ಹುಣ್ಣು ತೊಳೆಯುವುದು, ಮನೆಯವರಿಗೆ ಹೇಳಿಕೊಡುವುದು. ಸೋಮವಾರ, ಗುರುವಾರ ಬಂಡೂರಿನ ಕಡೆ. ಈ ದಾರಿಯ ನಾಲ್ಕು ಮನೆಗಳಲ್ಲಿ ನಮ್ಮವರು ಒಬ್ಬರೂ ಇಲ್ಲ.

ಗಾಡಿಯಲ್ಲಿ ಸಿಸ್ಟರ್ ನಿಯಮ ಹೇಳಿದರು. ಯಾರ ಮನೆಯಲ್ಲೂ ಪ್ರಾರ್ಥನೆ ಇಲ್ಲ. ಕೊರಳಿನ ಶಿಲುಬೆ ಬಟ್ಟೆಯ ಒಳಗೆ. ಯೇಸುವಿನ ಹೆಸರು ಎತ್ತಬಾರದು.

ಡ್ರೈವರ್ ಸ್ವಾಮಿಯಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿ, ‘ಇವ್ರು ದೇವ್ರ ಮಾತೇ ಎತ್ತಾಕಿಲ್ಲ ಅಂತ ಊರೂರಲ್ಲಿ ಏಳ್ಕಂಡು ಬರೋನು ನಾನೇ ಕಣವ್ವ. ನಾನು ನಂಜುಂಡೇಸ್ವರನ ಒಕ್ಕಲು. ಅದ್ಕೇ ಜನ ನಂಬ್ತಾರೆ’ ಎಂದ.

ಕೊನೆಯ ಮನೆ ಬಂಡೂರಿನಿಂದ ಆಚೆಯ ಹಳ್ಳಿಯಲ್ಲಿ. ಹೊಂಬಾಳಮ್ಮ. ಎಪ್ಪತ್ತು ದಾಟಿದೆ. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿ ಎಂಟು ತಿಂಗಳು. ಬೆನ್ನ ಕೆಳಗೆ, ಬಾಲದ ಮೂಳೆಯ ಹತ್ತಿರ ಹುಣ್ಣು. ನಿಂಬೆಹಣ್ಣು ಕೂರುವಷ್ಟು ಗುಳಿ. ಪಕ್ಕದ ಕೊಟ್ಟಿಗೆಯಲ್ಲಿ ಕುರಿಗಳು. ಕುರಿಯ ವಾಸನೆಯೋ ಹುಣ್ಣಿನದೋ ಮೊದಲು ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು.

ಸೊಸೆ ವೀಣಕ್ಕ ಉಪ್ಪು ನೀರು ಕುದಿಸಿ ಆರಿಸಿ ಇಟ್ಟಿದ್ದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಇದು ಮೂಳೆಗೆ ಇಳಿಯುತ್ತದೆ, ಇಳಿದರೆ ಅಜ್ಜಿ ಉಳಿಯುವುದಿಲ್ಲ ಎಂದು ಸಿಸ್ಟರ್ ಅವಳಿಗೆ ಹೇಳಿದರು. ಹಿಂದೆಯೂ ಹೇಳಿರಬೇಕು. ‘ಒಬ್ಳೇ ಎಲ್ಲಿ ಆಯ್ತದೆ ಸಿಸ್ಟರು? ಇವ್ರು ಆ ಕೋಣೆ ಒಳೀಕೇ ಬರಾಕಿಲ್ಲ’ ಎಂದಳು. ಇವರು ಅಂದರೆ ಗಂಡ, ಯತೀಶಣ್ಣ.

ಅಜ್ಜಿಯೇ ಅರ್ಧ ಬಾಯಲ್ಲಿ ಮಗನ ಪರ ವಹಿಸಿತು. ‘ಗಂಡು ಮಗ. ಎತ್ತವ್ವುನ್ ಮೈ ಎಂಗ್ ಮುಟ್ಟಾನು, ಬುಡು.’ ಆಮೇಲೆ ನನ್ನನ್ನು ನೋಡಿ, ‘ಸೌರಮ್ಮ ಎಲ್ಲಿ?’

ಯಾರೂ ಹೇಳಿರಲಿಲ್ಲ.

‘ಸತ್ತೋದ್ಲು ಅಜ್ಜಿ. ನಾನು ಅವಳ ಮಗಳು ಫಿಲೋಮಿನ.’

ಸಿಸ್ಟರ್ ತಲೆ ಎತ್ತಿದರು. ಅಜ್ಜಿ ಅಳಲು ಶುರು ಮಾಡಿತು. ಒಂದು ಕಣ್ಣಿನಲ್ಲಿ ಮಾತ್ರ ನೀರು ಸರಿಯಾಗಿ ಬರುತ್ತದೆ, ಇನ್ನೊಂದು ಸುಮ್ಮನೆ ಒದ್ದೆಯಾಗಿರುತ್ತದೆ. ನಾನು ಬೇಸಿನ್ ಹಿಡಿದು ನಿಂತಿದ್ದೆ. ನನ್ನ ಅವ್ವನಿಗಾಗಿ ಬೇರೆ ಯಾರೋ ಅಳುತ್ತಿದ್ದರು.

ವಾಂತಿ ಬರಲಿಲ್ಲ.

ಅಕ್ಟೋಬರ್ 16, ಗುರುವಾರ

ನಾಲ್ಕು ಮನೆ. ಏನೂ ಅನ್ನಿಸಲಿಲ್ಲ. ಕೈಗೆ ಕೆಲಸ ಗೊತ್ತಾಗುತ್ತಿದೆ.

ಅಕ್ಟೋಬರ್ 27, ಸೋಮವಾರ

ಹೊಂಬಾಳಮ್ಮನ ಹುಣ್ಣು ಅಳೆದೆವು. ಮೂರು ಸೆಂಟಿಮೀಟರ್. ತಳ ಕೆಂಪಗೆ ತಿರುಗಿದೆ, ಅದು ಒಳ್ಳೆಯದಂತೆ. ‘ಅಳ್ಳ ಮುಚ್ತಾ ಅದಾ, ಇಲ್ಲ ನೀವು ನಂಗ್ ಸುಳ್ಳೇಳ್ತೀರಾ?’ ಎಂದು ಅಜ್ಜಿ ಕೇಳಿತು. ಮುಚ್ಚುತ್ತಾ ಇದೆ ಅಂದೆ. ‘ನಿಮ್ಮವ್ವ ಅಂಗೇ ಏಳ್ತಿದ್ಲು. ಅವ್ಳು ಸುಳ್ಳಿ’ ಎಂದಿತು. ಸಿಸ್ಟರ್ ನಕ್ಕರು. ಅವ್ವ ಸುಳ್ಳು ಹೇಳುತ್ತಿದ್ದಳು ಎಂಬುದು ನನಗೆ ಗೊತ್ತೇ ಇರಲಿಲ್ಲ.

ಸಿಸ್ಟರ್ ಕೈ ತೊಳೆಯಲು ಹಿತ್ತಲಿಗೆ ಹೋದರು. ನಾನು ಅಜ್ಜಿಯ ಮುಖ ಒರೆಸಿದೆ. ಒರೆಸಿದ ಮೇಲೆ ನನ್ನ ಹೆಬ್ಬೆರಳು ಅದರ ಹಣೆಯ ಮೇಲೆ ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಹೋಯಿತು. ಅವ್ವ ನನಗೆ ದಿನಾ ಹಾಗೆ ಶಿಲುಬೆಯ ಗುರುತು ಹಾಕಿ ಕಳಿಸುತ್ತಿದ್ದಳು. ಕಾಲೇಜಿಗೆ, ಕೆಲಸಕ್ಕೆ, ಜಗಳ ಆಡಿದ ದಿನವೂ. ನಾನು ಹಾಕಿದ್ದು ಬೇಕೆಂದಲ್ಲ. ಬೇಡವೆಂದು ತಡೆಯಲೂ ಇಲ್ಲ. ಹಾಕಿ ಆದ ಮೇಲೆ ತಿಳಿಯಿತು.

ಬಾಗಿಲಲ್ಲಿ ದೇವಿರಮ್ಮ ನಿಂತಿದ್ದಳು. ಪಕ್ಕದ ಮನೆಯವಳು, ಯತೀಶಣ್ಣನಿಗೆ ಚಿಕ್ಕವ್ವ. ಕೈಯಲ್ಲಿ ಹಾಲಿನ ಕ್ಯಾನು. ನನ್ನ ಕೈ ನೋಡಿದಳು, ಹೋದಳು.

ಅಕ್ಟೋಬರ್ 30, ಗುರುವಾರ

ಹಾಲಿನ ಡೈರಿಯ ಮುಂದೆ ಓಮ್ನಿ ನಿಲ್ಲಿಸಿದರು. ಆರೇಳು ಗಂಡಸರು. ಒಬ್ಬ ಫೋನ್ ಹಿಡಿದು ವಿಡಿಯೊ ಮಾಡುತ್ತಿದ್ದ. ಯತೀಶಣ್ಣ ಎಲ್ಲರ ಹಿಂದೆ ಇದ್ದ. ದೇವಿರಮ್ಮ ಡೈರಿಯ ಮೆಟ್ಟಿಲ ಮೇಲೆ.

‘ಏನ್ರೀ ಸಿಸ್ಟರು, ಹೊಂಬಾಳವ್ವುನ್ ಅಣೆ ಮ್ಯಾಲೆ ಸಿಲುಬೆ ಆಕುದ್ರಂತೆ? ಮಲಗ್ದಲ್ಲೇ ಜಾತಿ ಕೆಡುಸ್ತೀರಾ?’

‘ಇಲ್ಲ’ ಎಂದರು ಸಿಸ್ಟರ್. ‘ನಮ್ಮಲ್ಲಿ ಅಂಥ ಪದ್ಧತಿ ಇಲ್ಲ. ಮೂರು ವರ್ಷದಿಂದ ಬರ್ತಾ ಇದ್ದೇವೆ, ನೀವೇ ನೋಡಿದ್ದೀರಿ.’ ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಗೊತ್ತಿರಲಿಲ್ಲ.

‘ನಾನ್ ಕಣ್ಣಾರೆ ನೋಡಿವ್ನಿ’ ಎಂದಳು ದೇವಿರಮ್ಮ.

‘ಹಣೆ ಒರೆಸಿದ್ದು ಹಾಗೆ ಕಂಡಿರಬಹುದು ಅಮ್ಮ.’

‘ಊಂ ಕಣ್ ಚಿಕ್ಕವ್ವ, ನಿಂಗೆ ಪೊರೆ ಬಂದು ಎಷ್ಟ್ ದಿನ ಆಯ್ತು? ಓದ್ ತಿಂಗ್ಳು ನನ್ನೇ ಪೋಸ್ಟ್‌ಮ್ಯಾನ್ ಅಂದಿದ್ದೆ’ ಎಂದು ಒಬ್ಬ ಅಂದ. ಎಲ್ಲರೂ ನಕ್ಕರು. ವಿಡಿಯೊ ಮಾಡುವವನೂ ಫೋನ್ ಇಳಿಸಿದ. ಸ್ವಾಮಿಯಣ್ಣ ಗಾಡಿ ಸ್ಟಾರ್ಟ್ ಮಾಡಿದ. ದೇವಿರಮ್ಮ ಸುತ್ತ ನೋಡುತ್ತಿದ್ದಳು. ಕಣ್ಣಿಗೆ ಕಂಡದ್ದನ್ನು ಹೇಳಿದವಳು ಅವಳು.

‘ಅವರು ಸರಿಯಾಗಿ ನೋಡಿದ್ದಾರೆ’ ಎಂದೆ. ‘ನಾನು ಹಾಕಿದೆ. ಸಿಸ್ಟರಿಗೆ ಗೊತ್ತಿಲ್ಲ.’

ಸ್ವಾಮಿಯಣ್ಣ ಗಾಡಿ ಆಫ್ ಮಾಡಿದ. ಆಮೇಲೆ ತುಂಬ ಜನ ತುಂಬ ಮಾತಾಡಿದರು. ಎಲ್ಲ ಬರೆಯಲು ಆಗುವುದಿಲ್ಲ. ಕೊನೆಗೆ ಯತೀಶಣ್ಣ ಮುಂದೆ ಬಂದು, ನನ್ನನ್ನು ನೋಡದೆ, ‘ಇನ್ ಬರ್ಬೇಡಿ’ ಎಂದ. ಅಷ್ಟೇ.

ದಾರಿಯಲ್ಲಿ ಸ್ವಾಮಿಯಣ್ಣ ಬೈದ. ‘ನಿನ್ ಬಾಯಿಗೆ ಒಂದ್ ಒಲ್ಗೆ ಆಕುಸ್ಕೊ. ಸುಳ್ಳೇಳು ಅಂದ್ವಾ? ಸುಮ್ಕಿರು ಅಂದ್ರೆ ಸುಮ್ಕಿರಾಕೂ ಬರಾಕಿಲ್ವಾ?’ ಮಳವಳ್ಳಿ ಬಂತು. ಇಳಿಯುವಾಗ ಸಿಸ್ಟರ್ ಕೇಳಿದರು.

‘ಆ ಹೆಂಗಸು ಸುಳ್ಳಿ ಆಗ್ತಾಳೆ ಅಂತ ಹೇಳಿದ್ದಾ?’

‘ಹೌದು.’

‘ಸೋಮವಾರ ಹುಣ್ಣು ಎಷ್ಟಿತ್ತು?’

‘ಮೂರು.’

‘ಇವತ್ತು ತೊಳೆಯಲಿಕ್ಕೆ ಇತ್ತು’ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 2, ಭಾನುವಾರ

ಸತ್ತವರ ಹಬ್ಬ. ಸಮಾಧಿಗೆ ಹೋಗಿ ಹುಲ್ಲು ಕಿತ್ತೆವು, ಸೇವಂತಿಗೆ ಇಟ್ಟೆವು, ಮೇಣದ ಬತ್ತಿ ಹಚ್ಚಿದೆವು. ಗಾಳಿಗೆ ಆರಿತು. ಮತ್ತೆ ಹಚ್ಚಿದೆವು. ಅವ್ವ ಮಣ್ಣಿನ ಕೆಳಗೆ ಅಂಗಾತ ಮಲಗಿದ್ದಾಳೆ ಎಂದು ಯೋಚಿಸಿದೆ. ಅವಳಿಗೆ ಯಾರೂ ಮಗ್ಗುಲು ಬದಲಿಸಬೇಕಿಲ್ಲ.

ಮನೆಗೆ ಬರುವಾಗ ಅಪ್ಪ ಜೋರಾಗಿ, ದಾರಿಯಲ್ಲಿದ್ದವರೆಲ್ಲ ತಿರುಗುವ ಹಾಗೆ, ‘ಆ ಮುದ್ಕಿ ಎಂಗದೆ?’ ಎಂದರು. ನಾನು ಏನೂ ಹೇಳಿರಲಿಲ್ಲ. ಸ್ವಾಮಿಯಣ್ಣ ಹೇಳಿರಬೇಕು.

‘ಗೊತ್ತಿಲ್ಲ’ ಎಂದು ಕೂಗಿದೆ.

ನವೆಂಬರ್ 3, ಸೋಮವಾರ

ಮೂರು ಮನೆ.

ನವೆಂಬರ್ 6, ಗುರುವಾರ

ಸಿಸ್ಟರಿಗೆ ಜ್ವರ, ಗಾಡಿ ಹೊರಡಲಿಲ್ಲ. ಮನೆಯಲ್ಲಿ ನೆಲ ಒರೆಸಿದೆ, ಪಾತ್ರೆ ತೊಳೆದೆ, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದೆ. ಹತ್ತೂವರೆಯ ಬಸ್ಸು ಹತ್ತಿ ಬಂಡೂರಿಗೆ ಹೋದೆ. ಅಲ್ಲಿಂದ ಅರ್ಧ ಗಂಟೆ ನಡಿಗೆ.

ಯತೀಶಣ್ಣ ಕೊಟ್ಟಿಗೆಯ ಬಾಗಿಲಲ್ಲಿ ಒಂದು ಟಗರಿನ ಗೊರಸು ಕೆತ್ತುತ್ತಿದ್ದ.

‘ಯಾಕ್ ಬಂದೆ?’

‘ಹುಣ್ಣು ತೊಳೆದು ಹತ್ತು ದಿನ ಆಗಿದೆ.’

‘ವೀಣ ತೊಳೀತಾಳೆ.’

‘ತಿರುಗಿಸುವವರು ಯಾರು?’

ಅವನು ಗೊರಸು ಕೆತ್ತುತ್ತಲೇ ಇದ್ದ. ‘ಒಂದ್ ಮಾತ್ ಕೇಳ್ತೀನಿ. ನಮ್ಮವ್ವುನ್ನ ನಿಮ್ ಕಡೀಕೆ ಸೇರುಸ್ಕೊಳಾಕೆ ಆಕುದ್ದಾ?’

‘ಇಲ್ಲ ಅಣ್ಣ. ನಮ್ಮವ್ವ ನನಗೆ ಹಾಗೆ ಹಾಕೋಳು. ಕೈ ತಾನಾಗಿ ಹೋಯ್ತು.’

‘ಇನ್ನೊಂದ್ಸಲ ಆಕಲ್ಲ ಅಂತ ಮಾತ್ ಕೊಡು. ಒಳೀಕ್ ಓಗು. ಊರ್ನೋರ್ಗೆ ನಾನ್ ಏಳ್ಕೊತೀನಿ.’

ಹೂಂ ಅಂದಿದ್ದರೆ ಆಗುತ್ತಿತ್ತು. ಅಜ್ಜಿ ಹತ್ತು ಹೆಜ್ಜೆ ದೂರದಲ್ಲಿತ್ತು. ವಾಸನೆ ಬಾಗಿಲ ತನಕ ಬರುತ್ತಿತ್ತು, ಮೊದಲ ದಿನದ್ದೇ. ನಾನು ಯೋಚಿಸಿ ನೋಡಿದೆ. ಗೊತ್ತಿಲ್ಲದೆ ಆದದ್ದನ್ನು ಮತ್ತೆ ಆಗದು ಎಂದು ಹೇಗೆ ಹೇಳುವುದು?

‘ಹಾಕಬಾರದು ಅಂತ ನೋಡ್ಕೊಳ್ತೀನಿ. ಮಾತು ಕೊಡಕ್ಕಾಗಲ್ಲ ಅಣ್ಣ. ಹೋದ ಸಲವೂ ನನಗೆ ಗೊತ್ತಾಗಲಿಲ್ಲ.’

ಆಗ ಅವನು ನನ್ನನ್ನು ನೋಡಿದ. ಕೋಪವಲ್ಲ. ಹುಚ್ಚಿಯನ್ನು ನೋಡುವ ಹಾಗೆ.

‘ಅಂಗಾದ್ರೆ ಓಗು.’

ಬಂದೆ. ಎರಡು ಸಲ ತಪ್ಪು ಮಾಡಿದ್ದೇನೆ. ಒಂದು ಹೆಬ್ಬೆರಳು, ಒಂದು ಬಾಯಿ. ಎರಡಕ್ಕೂ ಬೆಲೆ ಕೊಡುತ್ತಿರುವುದು ಅಜ್ಜಿಯ ಬೆನ್ನು. ಆದರೂ ಇನ್ನೊಮ್ಮೆ ಕೇಳಿದರೆ ಅದನ್ನೇ ಹೇಳುತ್ತೇನೆ. ಇದು ಒಳ್ಳೆಯ ಗುಣವೋ ರೋಗವೋ ಗೊತ್ತಿಲ್ಲ.

ನವೆಂಬರ್ 7, ಶುಕ್ರವಾರ

ಹೋಗಿದ್ದೆ ಎಂದು ಸಿಸ್ಟರಿಗೆ ಹೇಳಿದೆ. ಮಲಗಿದ್ದವರು ಎದ್ದು ಕುಳಿತರು. ಬೀರುವಿನಿಂದ ಗಾಜ್ ಬಟ್ಟೆಯ ಎರಡು ಕಟ್ಟು ತೆಗೆದು ಕೊಟ್ಟರು. ‘ನಾವು ಕಳಿಸಿದ್ದಲ್ಲ.’

‘ಯಾರಾದರೂ ಎಲ್ಲಿಂದ ಬಂತು ಅಂತ ಕೇಳಿದರೆ ಹೇಳಿಬಿಡ್ತೇನೆ ಸಿಸ್ಟರ್.’

‘ಗೊತ್ತುಂಟು ಮಾರಾಯ್ತಿ, ಗೊತ್ತುಂಟು’ ಎಂದು ಮತ್ತೆ ಮಲಗಿದರು.

ನವೆಂಬರ್ 10, ಸೋಮವಾರ

ಮೂರು ಮನೆ ಆದ ಮೇಲೆ ಗಾಡಿ ವಾಪಸು ಹೊರಟಿತು. ನಾನು ಬಂಡೂರಿನಲ್ಲಿ ಇಳಿದುಕೊಂಡೆ. ಅಜ್ಜಿಯ ಊರಿನ ತನಕ ನಡೆದೆ, ಮನೆಗೆ ಹೋಗಲಿಲ್ಲ. ಊರಿನ ಹೊರಗೆ ಕೆರೆ ಏರಿಯ ಕಲ್ಲಿನ ಮೇಲೆ ಕುಳಿತೆ. ವೀಣಕ್ಕ ಕುರಿ ಹೊಡೆದುಕೊಂಡು ಬರುವ ದಾರಿ ಅದು. ನಾಲ್ಕು ಗಂಟೆಗೆ ಬಂದಳು.

‘ಏ ಪಿಲೋಮಿನ, ಇಲ್ಯಾಕ್ ಕುಂತಿದ್ದೀಯೆ, ಕುರಿ ಕದಿಯೋಳಂಗೆ?’

ಹುಣ್ಣು ಹೇಗಿದೆ ಎಂದೆ. ಅವಳ ಮುಖ ಇಳಿಯಿತು. ‘ನಾರ್ತಾ ಅದೆ. ಉಣ್ಣಾಕೇ ಆಗಲ್ಲ ಆ ಮನೇಲಿ. ನಾನ್ ಒಬ್ಳೇ ಎಳುದ್ರೆ ನೋಯ್ತದೆ ಅಂತ ಕೂಗ್ಕೊತಾರೆ. ಬುಟ್ಬುಡ್ತೀನಿ. ನಿಮ್ಮಣ್ಣ ಅಂತೂ ಒರಗೇ ನಿಂತು ಎಂಗದೆ, ಎಂಗದೆ ಅಂತಾರೆ.’

‘ನನ್ನನ್ನು ಒಳಗೆ ಬಿಡಲ್ಲ. ನೀನೇ ಮಾಡು. ನಾನು ಇಲ್ಲಿಂದ ಹೇಳಿಕೊಡ್ತೀನಿ.’

‘ಇಲ್ಲಿ ಯಾರ್ ಮ್ಯಾಲೆ ತೋರುಸ್ತೀಯ?’

ಇಬ್ಬರೂ ಕುರಿಗಳನ್ನು ನೋಡಿದೆವು. ಬಂಡೂರು ಕುರಿಗೆ ಕಾಲು ಗಿಡ್ಡ, ಮೈ ಅಗಲ. ವೀಣಕ್ಕ ಒಂದು ಮುದಿ ಕುರಿಯನ್ನು ಹಿಡಿದು ಹುಲ್ಲಿನ ಮೇಲೆ ಕೆಡವಿದಳು. ಒಂದು ಕೈ ಭುಜದ ಹಿಂದೆ, ಒಂದು ಕೈ ಸೊಂಟದ ಹಿಂದೆ. ದಬ್ಬಬಾರದು, ನಿನ್ನ ಕಡೆಗೆ ಎಳೆದುಕೊಳ್ಳಬೇಕು. ಎಳೆಯುವ ಮೊದಲು ಆಚೆಯ ಮೊಣಕಾಲು ಮಡಿಸಬೇಕು, ಆಗ ಭಾರ ತಾನಾಗಿ ಉರುಳುತ್ತದೆ. ತೋರಿಸಿದೆ. ಅವಳು ಮಾಡಿದಳು. ಕುರಿ ಎರಡು ಸಲ ಸುಮ್ಮನಿತ್ತು. ಮೂರನೆಯ ಸಲ ಎದ್ದು ಅವಳನ್ನೇ ಕೆಡವಿ ಓಡಿತು.

‘ನಮ್ಮತ್ತೆನೂ ಎದ್ ಇಂಗೇ ಓಡ್ಬಾರ್ದಾ!’ ಎಂದು ಅಲ್ಲೇ ಹುಲ್ಲಿನ ಮೇಲೆ ಕುಳಿತು ನಕ್ಕಳು. ನಾನೂ ನಕ್ಕೆ ಅಂತ ಕಾಣುತ್ತದೆ. ದವಡೆ ನೋಯುತ್ತಿತ್ತು.

ಗಾಜ್ ಬಟ್ಟೆ ಕೊಟ್ಟೆ. ವಾಸನೆಗೆ ಸಿಸ್ಟರ್ ಹಾಕುತ್ತಿದ್ದ ಮಾತ್ರೆಯ ಪುಡಿ ಹೇಗೆ ಉದುರಿಸಬೇಕು ಎಂದು ಹೇಳಿದೆ. ಹುಣ್ಣಿನ ಅಗಲಕ್ಕೆ, ಮುಟ್ಟಿಸದೆ, ಒಂದು ಪೊರಕೆ ಕಡ್ಡಿ ಮುರಿದು ತಾ ಎಂದೆ.

ನವೆಂಬರ್ 13, ಗುರುವಾರ

ಕಡ್ಡಿ ತಂದಿದ್ದಳು. ನಾಲ್ಕೂವರೆ.

ನವೆಂಬರ್ 17, ಸೋಮವಾರ

ನಾಲ್ಕೂವರೆಯೇ. ಅಂಚು ಕಪ್ಪಗಿದೆಯಂತೆ. ಹಗಲು ಆರು ಸಲ ತಿರುಗಿಸುತ್ತಿದ್ದಾಳಂತೆ, ಒಬ್ಬಳೇ. ಅವಳ ಸೊಂಟಕ್ಕೆ ಅಮೃತಾಂಜನ ಹಚ್ಚಿದೆ, ಅಲ್ಲೇ ಏರಿಯ ಮೇಲೆ.

ನವೆಂಬರ್ 20, ಗುರುವಾರ

‘ನಿಮ್ಮಣ್ಣಂಗೆ ಗೊತ್ತಾಗದೆ’ ಎಂದಳು ವೀಣಕ್ಕ. ‘ಕುರಿ ಮೇಸಾಕ್ ಓಗೋಳ್ಗೆ ಪೊರಕೆ ಕಡ್ಡಿ ಯಾಕೆ ಅಂದ್ರು. ಏಳ್ದೆ. ಕಡ್ಡಿ ಇಸ್ಕೊಂಡು ನೋಡುದ್ರು, ಕೊಟ್ರು.’

ನಾಲ್ಕೂಕಾಲು.

ಮನೆಗೆ ಬಂದಾಗ ಅಪ್ಪ ಜಪಸರ ಶುರು ಮಾಡಿದ್ದರು. ಕಾಲು ನೋಯುತ್ತಿತ್ತು, ಪಕ್ಕದಲ್ಲಿ ಕುಳಿತೆ. ಅವರು ಮೊದಲರ್ಧ ಹೇಳಿ ಉಸಿರು ಎಳೆದುಕೊಳ್ಳಲು ನಿಂತರು, ಆ ಜಾಗಕ್ಕೆ ನಾನು ಉಳಿದರ್ಧ ಹೇಳಿದೆ. ಐವತ್ತು ಸಲ. ಅವರಿಗೆ ಕೇಳಿಸಿತೋ ಇಲ್ಲವೋ. ಇದನ್ನು ಪ್ರಾರ್ಥನೆ ಎಂದು ಬರೆಯಲಾರೆ. ಅವರ ಗಂಟಲಿಗೆ ಸ್ವಲ್ಪ ಬಿಡುವು ಸಿಗಲಿ ಎಂದಷ್ಟೇ. ಕೊನೆಯಲ್ಲಿ ಅಪ್ಪ ಕಾಯಿಲೆಯವರ ಹೆಸರು ಹೇಳುತ್ತಾರೆ. ಅವರು ಮರೆತರೆಂದು ಹೊಂಬಾಳಮ್ಮನ ಹೆಸರು ನಾನೇ ಹೇಳಿದೆ. ಅವರ ಕಿವಿಯ ಹತ್ತಿರ, ಕೂಗಿ.

ನವೆಂಬರ್ 27, ಗುರುವಾರ

ನಾಲ್ಕು. ಕಪ್ಪು ಕಳಚಿದೆ. ವೀಣಕ್ಕನಿಗೆ ಮೈಕೈ ನೋವು, ಕಣ್ಣು ಕೆಂಪು. ಜ್ವರ ನೋಡಿಸಿಕೊ ಎಂದೆ. ‘ನಾನ್ ಮಲೀಕಂಡ್ರೆ ಆ ಮನೇಲಿ ಇಬ್ರಾಯ್ತೀವಿ’ ಎಂದಳು.

ಡಿಸೆಂಬರ್ 1, ಸೋಮವಾರ

ವೀಣಕ್ಕ ಬರಲಿಲ್ಲ. ಕುರಿಗಳೂ ಬರಲಿಲ್ಲ. ಕೊನೆಯ ಬಸ್ಸಿನ ತನಕ ಕುಳಿತಿದ್ದೆ. ಎದೆಯಲ್ಲಿ ಏನೋ ಒಂದು ಹೊಡೆದುಕೊಳ್ಳುತ್ತಿತ್ತು. ಬಹಳ ದಿನವಾಗಿತ್ತು ಅದು ಹಾಗೆ ಮಾಡಿ.

ಡಿಸೆಂಬರ್ 4, ಗುರುವಾರ

ಇವತ್ತು ಆದದ್ದನ್ನೆಲ್ಲ ಬರೆಯಬೇಕು.

ಕುರಿಗಳು ಬಂದವು. ಹಿಂದೆ ಯತೀಶಣ್ಣ. ನಾನು ಎದ್ದು ನಿಂತೆ. ಬೈಯುತ್ತಾನೆ ಅಂದುಕೊಂಡೆ. ಅವನು ನನ್ನಿಂದ ಸ್ವಲ್ಪ ದೂರದಲ್ಲಿ ನಿಂತು, ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೆರೆ ನೋಡಿದ.

‘ವೀಣಂಗೆ ಚಿಕುನ್‌ಗುನ್ಯಾ. ಬೆಳ್ಳೂ ಮಡ್ಚಾಕಾಯ್ತಿಲ್ಲ.’

‘ಅಜ್ಜಿ?’

ಅಡ್ಡ ಹೋಗುತ್ತಿದ್ದ ಕುರಿಯೊಂದನ್ನು ಕೋಲಿನಿಂದ ದಾರಿಗೆ ತಂದ. ಆಮೇಲೆ, ‘ಎಡಕ್ಕೆ ತಿರ್ಗುಸುದ್ರೆ ಸುಮ್ಕಿರ್ತದೆ. ಬಲಕ್ಕೆ ತಿರ್ಗುಸುದ್ರೆ ನರಳ್ತದೆ. ಯಾಕೆ?’

ತಿರುಗಿಸುತ್ತಿರುವುದು ಯಾರು ಎಂದು ನಾನು ಕೇಳಲಿಲ್ಲ.

‘ಬಿದ್ದುಹೋದ ಕಡೆ ಅದು. ಭುಜ ಮೈ ಕೆಳಗೆ ಸಿಕ್ಕಿಕೊಳ್ಳುತ್ತೆ. ಭುಜವನ್ನು ಮುಂದಕ್ಕೆ ಎಳೆದು ಬಿಡಬೇಕು. ಮೊಣಕಾಲ ಮಧ್ಯೆ ದಿಂಬು ಇಡಬೇಕು.’

‘ಎಷ್ಟು ಮುಂದೀಕೆ?’

ನಾನು ಗಾಳಿಯಲ್ಲಿ ತೋರಿಸಿದೆ. ಅವನು ನೋಡಿದ, ಮಾಡಿದ, ತಪ್ಪು ಮಾಡಿದ.

‘ಬಂದ್ ತೋರ್ಸು’ ಎಂದ.

‘ನಾನು ಮಾತು ಕೊಟ್ಟಿಲ್ಲ ಅಣ್ಣ.’

‘ಗೊತ್ತು. ನಡಿ.’

ಕುರಿ ಮುಂದೆ, ಅವನು ಹಿಂದೆ, ನಾನು ಅವನ ಹಿಂದೆ. ವೀಣಕ್ಕ ಪಡಸಾಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದಳು, ನನ್ನನ್ನು ನೋಡಿ ಹುಬ್ಬು ಹಾರಿಸಿದಳು. ಒಳಗೆ ಅಜ್ಜಿ ಇನ್ನೂ ತೆಳ್ಳಗಾಗಿದೆ. ಬಟ್ಟೆ ಬಿಚ್ಚಿದೆ. ಅಳತೆ ಪಟ್ಟಿ ಇಟ್ಟೆ. ಮೂರೂವರೆ. ಕೆಂಪು. ಯತೀಶಣ್ಣ ಗೋಡೆಗೆ ಮುಖ ಮಾಡಿ ನಿಂತಿದ್ದ, ಕರೆದಾಗ ತಿರುಗಿದ. ಅವನ ಕೈಗಳನ್ನು ಭುಜದ ಹಿಂದೆ ಇಡಿಸಿದೆ, ನಾನು ಸೊಂಟ ಹಿಡಿದೆ. ಎಳೆದೆವು. ಭುಜ ಮುಂದಕ್ಕೆ ಬಿಟ್ಟೆವು. ಅಜ್ಜಿ ನರಳಲಿಲ್ಲ.

‘ಲೇ ಯತೀಸ, ಕೈ ಐಸಂಗದೆ ಕಣ್ಲಾ’ ಎಂದಿತು. ‘ಅವ್ವುನ್ ಮುಟ್ಟೋ ಮುಂಚೆ ಬೆಂಕಿ ಕಾಯ್ಸ್ಕೊಂಡ್ ಬಾ.’

ಅವನು ಎರಡೂ ಅಂಗೈ ಉಜ್ಜಿಕೊಂಡ. ಮತ್ತೆ ಅಲ್ಲೇ ಇಟ್ಟ. ತೆಗೆಯಲಿಲ್ಲ.

ಬಸ್ಸು ಹೋಗಿತ್ತು. ಮಳವಳ್ಳಿಗೆ ಬಿಡುತ್ತೇನೆ ಎಂದು ಬೈಕ್ ತೆಗೆದ. ಪಕ್ಕದ ಮನೆಯ ಜಗಲಿಯ ಮೇಲೆ ದೇವಿರಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ನಮ್ಮನ್ನು ನೋಡಿ ಕೈ ನಿಲ್ಲಿಸಿದಳು. ಅವನು ಬೈಕ್ ನಿಲ್ಲಿಸಿದ, ಆಫ್ ಮಾಡಲಿಲ್ಲ.

‘ಚಿಕ್ಕವ್ವ, ಅವ್ವುನ್ನ ಎರಡ್ ಗಂಟೆಗೊಂದ್ಸಲ ತಿರುಗುಸ್ಬೇಕು. ಬೆಳಗ್ಗೆ ನಾನ್ ಡೈರಿಗೆ ಓದಾಗ ನೀನ್ ಬಂದ್ ಕೈ ಆಕು.’

‘ನಂಗೆಲ್ಲಪ್ಪ ಬತ್ತದೆ ಅದು?’

‘ಇವ್ಳು ತೋರುಸ್ತಾಳೆ.’

ದೇವಿರಮ್ಮ ನನ್ನನ್ನು ನೋಡಿದಳು. ಮೊದಲು ಮುಖ, ಆಮೇಲೆ ಕೈ. ಬಹಳ ಹೊತ್ತು ನೋಡಿದಳು. ಮಡಿಲಿನ ಸಿಪ್ಪೆಯನ್ನು ಕೊಡವಿದಳು.

‘ಅವತ್ತು ನೀನ್ ಬಾಯ್ ಬುಡ್ದಿದ್ರೆ ಊರೆಲ್ಲ ನನ್ನ ಕುಲ್ಡಿ ಅಂತಿತ್ತು’ ಎಂದಳು. ಅದು ಬೈಗುಳವೋ ಏನೋ ಗೊತ್ತಾಗಲಿಲ್ಲ. ‘ಯಾವತ್ತ್ ಬತ್ತೀಯ?’

ಸೋಮವಾರ ಅಂದೆ.

‘ಒತ್ತಾರೆ ಬಾ. ಮದ್ಯಾನ ನಂಗ್ ನಿದ್ದೆ.’

ಗಾಜ್ ಬಟ್ಟೆ ಒಂದೇ ಸುತ್ತು ಉಳಿದಿದೆ. ಸೋಮವಾರಕ್ಕೆ ಸಾಲದು. ನಾಳೆ ಸಿಸ್ಟರನ್ನು ಕೇಳಬೇಕು. ದೇವಿರಮ್ಮನ ಕೈಗೆ ದೊಡ್ಡ ಗ್ಲೌಸ್ ಬೇಕಾಗುತ್ತದೆ.